ಬೆಂಕಿಗೆ ಎದುರಾಗುವವರ ಜೀವ ಯಾರ ಹೊಣೆ?

2025ರ ಆಗಸ್ಟ್ 29ರಂದು ದೊಡ್ಡಬಳ್ಳಾಪುರದ ಮುತ್ತೂರಿನಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆ ಸಾಗುತ್ತಿದ್ದಾಗ ವಾಹನದಲ್ಲಿ ಇರಿಸಿದ್ದ ಪಟಾಕಿಗಳು ಒಮ್ಮೆಲೇ ಸಿಡಿದವು. 15ರ ಹರೆಯದ ಬಾಲಕನೋರ್ವ ಪ್ರಾಣ ಕಳೆದುಕೊಂಡನು. ಗಾಯಗೊಂಡವರಲ್ಲಿ ಕರ್ತವ್ಯದಲ್ಲಿದ್ದ ಪೊಲೀಸ್ ಸಿಬ್ಬಂದಿಯೂ ಇದ್ದರು. ಮೆರವಣಿಗೆ ಯಾರದು ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಸಿಡಿಮದ್ದು ಯಾರ ಜಾತಿ-ಧರ್ಮವನ್ನೂ ವಿಚಾರಿಸುವುದಿಲ್ಲ. 2024ರ ಜನವರಿ 28ರಂದು ಬೆಳ್ತಂಗಡಿ ತಾಲೂಕಿನ ವೇಣೂರು ಸಮೀಪದ ಕುಕ್ಕೇಡಿಯಲ್ಲಿ ಪಟಾಕಿ ತಯಾರಿಕಾ ಘಟಕ ಸ್ಫೋಟಿಸಿ ಮೂವರು ಕಾರ್ಮಿಕರು ಛಿದ್ರವಾದರು. ಅದಕ್ಕೂ ಮೊದಲು, 2023ರ ಅಕ್ಟೋಬರ್ 7ರಂದು, ಆನೇಕಲ್ ತಾಲೂಕಿನ ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಲಾರಿಯಿಂದ ಸರಕು ಇಳಿಸುತ್ತಿದ್ದಾಗ ಹೊತ್ತಿಕೊಂಡ ಬೆಂಕಿ ಕನಿಷ್ಠ 14 ಜೀವಗಳನ್ನು ಬಲಿ ಪಡೆಯಿತು. ಸತ್ತವರಲ್ಲಿ ಹೆಚ್ಚಿನವರು ತಮಿಳುನಾಡಿನಿಂದ ಕೂಲಿಗೆ ಬಂದಿದ್ದ ಯುವಕರು.

ಇಂತಹ ಪ್ರತಿಯೊಂದು ದುರಂತದ ನಂತರವೂ ಪರಿಹಾರದ ಘೋಷಣೆಯಾಗುತ್ತದೆ, ತನಿಖೆಗೆ ಆದೇಶವಾಗುತ್ತದೆ, ಪರವಾನಿಗೆಯ ಕುರಿತು ಚರ್ಚೆಯಾಗುತ್ತದೆ. ಆದರೆ ಒಂದು ವರ್ಗದ ಕುರಿತು ನಾವು ಮಾತನಾಡುವುದೇ ಇಲ್ಲ. ಎಲ್ಲರೂ ಹೊರಗೆ ಓಡುವಾಗ ಒಳಗೆ ಓಡಬೇಕಾದವರು ಅವರು. ಅಗ್ನಿಶಾಮಕ ದಳದ ಸಿಬ್ಬಂದಿಗಳು. ಅವರ ಜೀವ ಯಾರ ಹೊಣೆ?

ದೊಡ್ಡಬಳ್ಳಾಪುರ ತಾಲೂಕಿನದೇ ಆದ ಮಾಕಳಿದುರ್ಗವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೋಟೆ ಹೊತ್ತ ಬೆಟ್ಟ, ತಪ್ಪಲಲ್ಲಿ ರೈಲು ಹಳಿ, ಸಮೀಪದಲ್ಲಿ ಸಹಸ್ರಾರು ಜನ ಸೇರುವ ಘಾಟಿ ಸುಬ್ರಹ್ಮಣ್ಯ, ಗೌರಿಬಿದನೂರಿನ ಕಡೆಗೆ ಸಾಗುವ ಹೆದ್ದಾರಿ. ಆ ರಸ್ತೆಯಲ್ಲಿ ಪಟಾಕಿ ತುಂಬಿದ ಲಾರಿಯೊಂದಕ್ಕೆ ಬೆಂಕಿ ಬಿತ್ತು ಎಂದಿಟ್ಟುಕೊಳ್ಳಿ. ಕರೆ ಬಂದ ಕೂಡಲೇ ಪಟ್ಟಣದ ಠಾಣೆಯಿಂದ ವಾಹನ ಹೊರಡುತ್ತದೆ. ಲಾರಿಯೊಳಗೆ ಹತ್ತಿಯಿದೆಯೋ, ಸೀಮೆಎಣ್ಣೆಯಿದೆಯೋ, ಸಿಡಿಮದ್ದಿದೆಯೋ ಎಂಬುದನ್ನು ಅವರಿಗೆ ಹೇಳುವವರು ಯಾರು? ಇದು ಕೇವಲ ಕಲ್ಪನೆಯ ಭೀತಿಯಲ್ಲ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ 2021ರ ಫೆಬ್ರವರಿಯಲ್ಲಿ ಕಲ್ಲುಕ್ವಾರಿಗೆ ಸಂಬಂಧಿಸಿದ ಜಿಲೆಟಿನ್ ಸ್ಫೋಟಿಸಿ ಆರು ಮಂದಿ ಸತ್ತರು. ಅದಕ್ಕೆ ಸುಮಾರು ಒಂದು ತಿಂಗಳ ಮುನ್ನ ಶಿವಮೊಗ್ಗದ ಹುಣಸೋಡು ಇದೇ ರೀತಿಯ ಸ್ಫೋಟಕ್ಕೆ ನಲುಗಿತ್ತು. ಕಲ್ಲು ಒಡೆಯುವ ಊರುಗಳಲ್ಲಿ ಮದ್ದು ಎಲ್ಲಿ ಅಡಗಿದೆ ಎಂಬುದು ಸಿಡಿದ ನಂತರವೇ ತಿಳಿಯುವುದಾದರೆ ಕಾನೂನಿದ್ದೂ ಏನು ಪ್ರಯೋಜನ?

ಮದ್ದಿನ ಬೆಂಕಿ ಮನೆಯ ಬೆಂಕಿಯಂತಲ್ಲ. ಸಾಮಾನ್ಯ ಬೆಂಕಿಗೆ ಗಾಳಿಯಲ್ಲಿರುವ ಆಮ್ಲಜನಕ ಬೇಕು. ಗಾಳಿಯನ್ನು ತಡೆದರೆ ಅದು ಆರುತ್ತದೆ. ಪಟಾಕಿಯಲ್ಲಿ ಗಂಧಕ, ಇದ್ದಿಲು, ಅಲ್ಯುಮಿನಿಯಂ ಪುಡಿಯ ಜೊತೆಗೆ ಪೊಟ್ಯಾಸಿಯಂ ನೈಟ್ರೇಟಿನಂತಹ ರಾಸಾಯನಿಕವೂ ಇರುತ್ತದೆ. ಉರಿಯಲು ಬೇಕಾದ ಆಮ್ಲಜನಕವನ್ನು ಅದು ತನ್ನೊಳಗಿನಿಂದಲೇ ಒದಗಿಸುತ್ತದೆ. ಆದುದರಿಂದ ಮುಚ್ಚಿದರೆ ಅದು ಆರುವುದಿಲ್ಲ, ಒತ್ತಡ ಹೆಚ್ಚಿ ಸ್ಫೋಟವಾಗಿ ಮಾರ್ಪಡುತ್ತದೆ. ಉರಿಯುತ್ತಿರುವ ಲೋಹದ ಪುಡಿಗೆ ನೀರು ಹಾಯಿಸಿದರೆ ಜಲಜನಕ ಹೊರಬಂದು ಅಪಾಯ ಇಮ್ಮಡಿಯಾಗುತ್ತದೆ. ತಾಪ ತಡೆಯುವ ಉಡುಪು ಸ್ಫೋಟದ ಅಲೆಯನ್ನು ತಡೆಯಲಾರದು. ಆದ್ದರಿಂದಲೇ ಉತ್ತರ ಅಮೆರಿಕದ ತುರ್ತು ಸೇವಾ ಕೈಪಿಡಿಯು ಭಾರೀ ಸ್ಫೋಟಕಗಳ ವಿಷಯದಲ್ಲಿ ಸ್ಪಷ್ಟವಾಗಿ ಹೇಳುತ್ತದೆ: ಬೆಂಕಿ ಸರಕಿಗೆ ತಲುಪಿದ ಮೇಲೆ ಅದರೊಂದಿಗೆ ಹೋರಾಡಬೇಡಿ, 1,600 ಮೀಟರ್ ದೂರದವರೆಗೆ ಜನರನ್ನು ತೆರವುಗೊಳಿಸಿ, ಉರಿಯಲು ಬಿಡಿ. ಇಲ್ಲಿ ಹಿಂದೆ ಸರಿಯುವುದು ಹೇಡಿತನವಲ್ಲ. ಅದುವೇ ವೃತ್ತಿಧರ್ಮ.

ಈ ಪಾಠವನ್ನು ಜಗತ್ತು ರಕ್ತ ಕೊಟ್ಟು ಕಲಿತಿದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹತ್ತಿ ಮತ್ತು ಸ್ಫೋಟಕಗಳನ್ನು ಹೊತ್ತಿದ್ದ ಫೋರ್ಟ್ ಸ್ಟೈಕೀನ್ ಹಡಗಿನ ಬೆಂಕಿ ನಂದಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿಗಳು ಮಡಿದರು. ನಮ್ಮ ದೇಶ ಪ್ರತಿವರ್ಷ ಆ ದಿನವನ್ನು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುತ್ತಿದೆ. 2000ದ ಮೇ 13ರಂದು ನೆದರ್ಲೆಂಡಿನ ಎನ್‌ಸ್ಕೆಡೆ ನಗರದಲ್ಲಿ ಪಟಾಕಿ ಗೋದಾಮು ಸ್ಫೋಟಿಸಿ 23 ಮಂದಿ ಸತ್ತರು. ಅವರಲ್ಲಿ ನಾಲ್ವರು ಅಗ್ನಿಶಾಮಕರು. ಪರವಾನಿಗೆ ಮೀರಿದ ಪ್ರಮಾಣದ, ಹೆಚ್ಚು ಅಪಾಯಕಾರಿಯಾದ ಮದ್ದನ್ನು ಅಲ್ಲಿ ದಾಸ್ತಾನಿಟ್ಟಿದ್ದುದು ಬಳಿಕ ಬಯಲಾಯಿತು. 2015ರ ಆಗಸ್ಟ್‌ನಲ್ಲಿ ಚೀನಾದ ತಿಯಾಂಜಿನ್ ಬಂದರು ನೂರಕ್ಕೂ ಹೆಚ್ಚು ಅಗ್ನಿಶಾಮಕರನ್ನು ನುಂಗಿತು. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನ ಗೋದಾಮಿಗೆ ಬೆಂಕಿ ನಂದಿಸಲು ಹೋದ ತಂಡದ ಹತ್ತು ಮಂದಿಯೂ ಮರಳಲಿಲ್ಲ. ಅಲ್ಲಿ ವರ್ಷಗಳಿಂದ ಬಿದ್ದಿದ್ದ ಸುಮಾರು 2,750 ಟನ್ ಅಮೋನಿಯಂ ನೈಟ್ರೇಟಿನ ಕುರಿತು ಅಧಿಕಾರಿಗಳಿಗೆ ಗೊತ್ತಿತ್ತು. ಬೆಂಕಿಗೆ ಎದುರಾದ ಆ ತಂಡಕ್ಕೆ ಮಾತ್ರ ಯಾರೂ ಹೇಳಿರಲಿಲ್ಲ.

ಹಾಗಾದರೆ ಅವರನ್ನು ಕೊಂದದ್ದು ಬೆಂಕಿಯೇ, ಬಚ್ಚಿಟ್ಟ ಮಾಹಿತಿಯೇ?

ವಶಪಡಿಸಿಕೊಂಡ ಸ್ಫೋಟಕಗಳೂ ಇಷ್ಟೇ ಅಪಾಯಕಾರಿ. 2025ರ ನವೆಂಬರ್ 14ರಂದು ಶ್ರೀನಗರದ ನೌಗಾಮ್ ಪೊಲೀಸ್ ಠಾಣೆಯಲ್ಲಿ ವಶದಲ್ಲಿದ್ದ ಸ್ಫೋಟಕದ ಮಾದರಿ ತೆಗೆಯುತ್ತಿದ್ದಾಗ ಅದು ಸಿಡಿದು ಒಂಬತ್ತು ಮಂದಿ ಸತ್ತರು. ಪೊಲೀಸರೂ ವಿಧಿವಿಜ್ಞಾನ ತಜ್ಞರೂ ಕಂದಾಯ ಸಿಬ್ಬಂದಿಯೂ ಅವರಲ್ಲಿದ್ದರು. ಜನವಸತಿಯ ನಡುವಿನ ಠಾಣೆ ಮದ್ದಿನ ಉಗ್ರಾಣವಾಗಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೇ?

ಕಾನೂನಿನ ಕೊರತೆ ನಮ್ಮಲ್ಲಿಲ್ಲ. 1884ರ ಸ್ಫೋಟಕ ಕಾಯ್ದೆಯಿದೆ, 2008ರ ಸ್ಫೋಟಕ ನಿಯಮಗಳಿವೆ. ತಾತ್ಕಾಲಿಕ ಪಟಾಕಿ ಅಂಗಡಿಗಳ ನಡುವೆ ಕನಿಷ್ಠ 3 ಮೀಟರ್ ಅಂತರವಿರಬೇಕು, ಅವು ಎದುರುಬದುರಾಗಿರಬಾರದು, ಒಂದೇ ಕಡೆ 50ಕ್ಕಿಂತ ಹೆಚ್ಚು ಅಂಗಡಿಗಳು ಇರಬಾರದು, ಎಣ್ಣೆದೀಪ ಹಚ್ಚಬಾರದು ಎಂದೆಲ್ಲ ಆ ನಿಯಮಗಳು ಹೇಳುತ್ತವೆ. ಆದರೆ ಅತ್ತಿಬೆಲೆಯಂತಹ ದುರಂತಗಳು ಕಾಗದ ಮತ್ತು ಗೋದಾಮಿನ ನಡುವೆ ಎಷ್ಟು ಅಂತರವಿದೆ ಎಂಬುದನ್ನು ತೋರಿಸುತ್ತವೆ.

ಸರಕಾರ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಪ್ರತಿ ತಾಲೂಕಿನ ಪರವಾನಿಗೆ ಪಡೆದ ಮದ್ದಿನ ಉಗ್ರಾಣ, ಪಟಾಕಿ ಗೋದಾಮು, ಕ್ವಾರಿಗಳ ಪಟ್ಟಿ ಮತ್ತು ಅವುಗಳ ದಾಸ್ತಾನಿನ ವಿವರ ಸ್ಥಳೀಯ ಅಗ್ನಿಶಾಮಕ ಠಾಣೆಯ ಕೈಯಲ್ಲಿರಲಿ. ಸಿಬ್ಬಂದಿಗಳಿಗೆ ಸ್ಫೋಟಕಗಳ ಕುರಿತು ಪ್ರತ್ಯೇಕ ತರಬೇತಿ ದೊರೆಯಲಿ. ವಿಷಹೊಗೆಯಿಂದ ರಕ್ಷಿಸುವ ಉಸಿರಾಟದ ಉಪಕರಣ ಪ್ರತಿಯೊಬ್ಬರಿಗೂ ಸಿಗಲಿ. ಒಳಗೆ ಯಾರೂ ಸಿಲುಕಿಲ್ಲವೆಂದು ಖಚಿತವಾದ ಮೇಲೆ ಆಸ್ತಿ ಉಳಿಸಲಿಕ್ಕಾಗಿ ಅವರ ಜೀವವನ್ನು ಪಣಕ್ಕಿಡಬಾರದು ಎಂಬುದು ಲಿಖಿತ ಆದೇಶವಾಗಲಿ. ಇಂಗ್ಲೆಂಡಿನ ಈಸ್ಟ್ ಸಸೆಕ್ಸಿನಲ್ಲಿ 2006ರ ಡಿಸೆಂಬರ್ 3ರಂದು ಪಟಾಕಿ ತುಂಬಿದ್ದ ಕಂಟೇನರ್ ಸ್ಫೋಟಿಸಿ ಅಗ್ನಿಶಾಮಕ ಸೇವೆಯ ಇಬ್ಬರು ಸತ್ತರು. 2009ರಲ್ಲಿ ಮಾಲಕರು ಜೈಲು ಸೇರಿದರು. ಅಷ್ಟಕ್ಕೇ ಮುಗಿಯಲಿಲ್ಲ. 2013ರಲ್ಲಿ ನ್ಯಾಯಾಲಯವು ಅಗ್ನಿಶಾಮಕ ಸೇವೆಯನ್ನೂ ಹೊಣೆಗಾರನೆಂದು ತೀರ್ಪಿತ್ತಿತು. ಸಿಬ್ಬಂದಿಯ ಸುರಕ್ಷತೆಯು ಇಲಾಖೆಯ ಔದಾರ್ಯವಲ್ಲ, ಬಾಧ್ಯತೆ ಎಂಬುದನ್ನು ನಮ್ಮ ಆಡಳಿತವೂ ಅರಿಯಬೇಕು.

ಆದರೆ ಎಲ್ಲವನ್ನೂ ಸರಕಾರದ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಶಿವಕಾಶಿ ಸಮೀಪದ ಮುದಲಿಪಟ್ಟಿಯ ಪಟಾಕಿ ಕಾರ್ಖಾನೆಯಲ್ಲಿ ಸತ್ತವರಲ್ಲಿ ಅನೇಕರು ಅಲ್ಲಿನ ಕಾರ್ಮಿಕರಾಗಿರಲಿಲ್ಲ. ನೆರವಿಗೆಂದೋ ನೋಡಲೆಂದೋ ಧಾವಿಸಿದ ಊರವರಾಗಿದ್ದರು. ಇಂದು ಬೆಂಕಿ ಕಂಡ ಕೂಡಲೇ ಮೊಬೈಲ್ ಎತ್ತಿ ಚಿತ್ರೀಕರಿಸಲು ನಮ್ಮ ಮಕ್ಕಳು ಓಡುತ್ತಿದ್ದಾರೆ. ಅವರನ್ನು ತಡೆಯಬೇಕಾದವರು ಹೆತ್ತವರು. 101 ಅಥವಾ 112ಕ್ಕೆ ಕರೆ ಮಾಡುವಾಗ ಬೆಂಕಿ ಬಿದ್ದಿದೆ ಎಂದಷ್ಟೇ ಹೇಳಿದರೆ ಸಾಲದು. ಅಲ್ಲಿ ಏನಿದೆ, ಎಷ್ಟಿದೆ, ಒಳಗೆ ಯಾರಾದರೂ ಇದ್ದಾರೆಯೇ ಎಂಬುದನ್ನೂ ಹೇಳಬೇಕು. ಬಳಿಕ ದಾರಿ ಬಿಟ್ಟು ದೂರ ಸರಿಯಬೇಕು.

ವ್ಯಾಪಾರಿಗಳೊಂದಿಗೆ ನಮಗೆ ಇನ್ನೂ ಒಂದು ಮಾತಿದೆ. ಹಬ್ಬದ ನಾಲ್ಕು ದಿನದ ಲಾಭಕ್ಕಾಗಿ ಮನೆಯ ಮೇಲಂತಸ್ತಿನಲ್ಲೋ ಅಂಗಡಿಯ ಹಿಂಬದಿಯಲ್ಲೋ ಪಟಾಕಿ ಪೆಟ್ಟಿಗೆ ಪೇರಿಸುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಮದುವೆಯ ಮೆರವಣಿಗೆಗೆ ಸಾವಿರಾರು ರೂಪಾಯಿಯ ಸಿಡಿಮದ್ದು ಸುಡುವವರೂ ಇದ್ದಾರೆ. ಈ ದುಂದುವೆಚ್ಚದ ಬೆಲೆಯನ್ನು ಸುಡುವವನು ತೆರುವುದಿಲ್ಲ. ಅದನ್ನು ಪೇರಿಸುವ ಕೂಲಿಯಾಳು ತೆರುತ್ತಾನೆ, ಅದನ್ನು ಆರಿಸಲು ಬರುವ ಸಿಬ್ಬಂದಿ ತೆರುತ್ತಾನೆ. ಬೆಂಕಿ ಬಿದ್ದ ಕ್ಷಣದಲ್ಲಿ, ಕೇಸಿನ ಭಯದಿಂದ, ಒಳಗೇನೂ ಇಲ್ಲ ಎಂದು ಸುಳ್ಳು ಹೇಳುವ ಮಾಲಕನು ಬಾಗಿಲಲ್ಲಿ ನಿಂತ ಆ ಸಿಬ್ಬಂದಿಯನ್ನು ತಿಳಿದೂ ಸಾವಿನೆಡೆಗೆ ತಳ್ಳುತ್ತಾನೆ. ಆ ಸಿಬ್ಬಂದಿಗೂ ಮನೆಯಲ್ಲಿ ಕಾಯುವ ಮಕ್ಕಳಿದ್ದಾರೆ.

ಏಪ್ರಿಲ್ 14ರಂದು ಅಗ್ನಿಶಾಮಕರಿಗೆ ಪುಷ್ಪನಮನ ಸಲ್ಲಿಸುವುದು ಸುಲಭ. ಅವರು ಬಾಗಿಲಲ್ಲಿ ನಿಂತು ಒಳಗೇನಿದೆ ಎಂದು ಕೇಳಿದಾಗ ಸತ್ಯ ಹೇಳುವುದು ಕಷ್ಟ. ಆ ಕಷ್ಟದ ಕೆಲಸವನ್ನು ಮಾಡುವ ಸಮಾಜಕ್ಕೆ ಮಾತ್ರ ಮೊದಲಿನದ್ದನ್ನು ಮಾಡುವ ಅರ್ಹತೆಯಿದೆ.