ಅಜ್ಜಿಯ ಸುಕ್ಕು ಅಳಿಸುವ ಮುನ್ನ

ನಮ್ಮ ಮನೆಗಳ ಮದುವೆ, ಮುಂಜಿ, ನಾಮಕರಣಗಳ ಚಿತ್ರಗಳು ಈಗ ಆಲ್ಬಮ್ಮಿನಲ್ಲಿಲ್ಲ. ಫೋನಿನಲ್ಲೂ ಕಂಪ್ಯೂಟರಿನಲ್ಲೂ ಇವೆ. ಧಾರವಾಡ, ವಿಜಯಪುರ, ಉಡುಪಿಗಳ ಕಡೆಯಿಂದ ಬಂದು ಪುಣೆಯಲ್ಲಿ ನೆಲೆ ನಿಂತ ನಮ್ಮಂಥವರ ಮಕ್ಕಳಿಗೆ ಊರಿನ ಹಿರಿಯರ ಮುಖಪರಿಚಯವಾಗುವುದು ಬಹುಮಟ್ಟಿಗೆ ಈ ಚಿತ್ರಗಳಿಂದಲೇ. ಹೀಗಿರುವಾಗ ಅವನ್ನು ತಿದ್ದುವ ತಂತ್ರಾಂಶವನ್ನು ನಾವು ಆರಿಸುವ ಬಗೆಯಾದರೂ ಎಂಥದು? ಒಂದು ಗುಂಡಿ ಒತ್ತಿದರೆ ಮುಖ ಬೆಳ್ಳಗಾಗುತ್ತದೆ ಎಂದು ಯಾರಾದರೂ ಹೇಳಿದರೆ ಸಾಕು, ಅದೇ ಉತ್ತಮವೆಂದು ನಂಬಿಬಿಡುತ್ತೇವೆ!

ಇದು ತಪ್ಪೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಹೊಲದ ಬಿಸಿಲಿನಲ್ಲಿ ಬೆಂದ ಅಜ್ಜನ ಮೈಬಣ್ಣ, ಅಜ್ಜಿಯ ಹಣೆಯ ಸುಕ್ಕು ಇವು ದೋಷಗಳಲ್ಲ. ಅವರ ಬಾಳಿನ ಗುರುತುಗಳು. ಅವನ್ನು ಅಳಿಸಿದರೆ ಉಳಿಯುವುದು ಯಾರ ಮುಖ? ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗುತ್ತದೆ ನಮ್ಮ ಕೆಲಸ. ತಿದ್ದಿದ್ದನ್ನು ಮೂಲ ಚಿತ್ರದ ಮೇಲೆಯೇ ಉಳಿಸಿಬಿಟ್ಟರಂತೂ ಹಿಂದಿರುಗುವ ದಾರಿಯೇ ಮುಚ್ಚಿತು. ಜೆಪೆಗ್ ಚಿತ್ರವನ್ನು ಮತ್ತೆ ಮತ್ತೆ ತಿದ್ದಿ ಉಳಿಸಿದಷ್ಟೂ ಅದರ ವಿವರ ಸವೆಯುತ್ತದೆಂಬುದೂ ನೆನಪಿರಲಿ.

ಮೂಲ ಹೋದರೆ ಹೋಯಿತೆಂಬುದನ್ನು ಪುಣೆಯವರಿಗೆ ಬೇರೆಯವರು ಹೇಳಬೇಕಾಗಿಲ್ಲ. 2003ರ ಜನವರಿಯಲ್ಲಿ ಇಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟಿನ ಆವರಣದಲ್ಲಿದ್ದ ಉಗ್ರಾಣಕ್ಕೆ ಬೆಂಕಿ ಬಿದ್ದು, ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಹಳೆಯ ನೈಟ್ರೇಟ್ ಸುರುಳಿಗಳು ಸುಟ್ಟುಹೋದವು. ಅದು ಅನಾಹುತ. ನಾವೋ ಬೆಂಕಿಯ ಹಂಗಿಲ್ಲದೆ, ನಮ್ಮ ಬೆರಳಿನಿಂದಲೇ ಮೂಲವನ್ನು ಕಳೆದುಕೊಳ್ಳುತ್ತಿದ್ದೇವೆ.

ಆದ್ದರಿಂದ ತಂತ್ರಾಂಶವನ್ನು ಆರಿಸುವಾಗ ಮೂರು ಪ್ರಶ್ನೆ ಕೇಳೋಣ.

ಮೊದಲನೆಯದು: ಅದು ಮೂಲವನ್ನು ಮುಟ್ಟದೆ ಕೆಲಸ ಮಾಡುತ್ತದೆಯೆ? ಡಾರ್ಕ್‌ಟೇಬಲ್ ಎಂಬ ಉಚಿತ ತಂತ್ರಾಂಶ ನಮ್ಮ ತಿದ್ದುಪಡಿಗಳನ್ನು ಬೇರೊಂದು ಕಡತದಲ್ಲಿ ಬರೆದಿಟ್ಟು, ಮೂಲವನ್ನು ಹಾಗೆಯೇ ಬಿಡುತ್ತದೆ.

ಎರಡನೆಯದು: ಚಿತ್ರದಲ್ಲಿರುವವರು ಯಾರೆಂದು ಕನ್ನಡದಲ್ಲಿ, ಚಿತ್ರದ ಕಡತದೊಳಗೇ, ಬರೆದಿಡಲು ಬರುತ್ತದೆಯೆ? ಡಿಜಿಕಾಮ್ ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲಿ ಇದಕ್ಕೆ ಅನುಕೂಲವಿದೆ. ಯೂನಿಕೋಡಿನಲ್ಲಿ ಬರೆದರೆ ನಾಳೆ ಬೇರೆ ಯಂತ್ರದಲ್ಲೂ ಅಕ್ಷರ ಅಕ್ಷರವಾಗಿಯೇ ಕಾಣುತ್ತದೆ.

ಮೂರನೆಯದು: ತಂತ್ರಾಂಶ ನಿಂತುಹೋದರೆ ನಮ್ಮ ಶ್ರಮ ಉಳಿಯುತ್ತದೆಯೆ? 1990ರಲ್ಲಿ ಬಂದ ಫೋಟೋಶಾಪಿನ ಹೊಸ ಆವೃತ್ತಿಗಳು 2013ರಿಂದ ಚಂದಾ ಕಟ್ಟುವವರಿಗೆ ಮಾತ್ರ. ಬಾಡಿಗೆ ನಿಂತ ದಿನ ಮನೆ ಬಿಡಬೇಕು. ಹಾಗೆಂದು ಉಚಿತವಾದದ್ದೆಲ್ಲ ಶಾಶ್ವತವೂ ಅಲ್ಲ. ಮನೆಮನೆಯಲ್ಲೂ ಬಳಕೆಯಲ್ಲಿದ್ದ ಪಿಕಾಸವನ್ನು 2004ರಲ್ಲಿ ಕೊಂಡ ಗೂಗಲ್ 2016ರಲ್ಲಿ ಕೈಬಿಟ್ಟಿತು. ಹೆಸರು, ದಿನಾಂಕ, ಊರು ಚಿತ್ರದೊಳಗೇ ಇದ್ದರೆ ಇಂಥ ಏರುಪೇರಿಗೆ ಅಂಜಬೇಕಾಗಿಲ್ಲ.

ಫೋಟೋಶಾಪಿಗೆ ಸಾಟಿಯಿಲ್ಲವೆಂದು ವಾದಿಸುವ ಮಿತ್ರರಿದ್ದಾರೆ. ಸ್ಟುಡಿಯೋ ನಡೆಸುವವರ ಮಟ್ಟಿಗೆ ಅವರ ಮಾತು ಸರಿ. ಹಣ ಕೊಟ್ಟು ಬಳಸಲಿ. ಆದರೆ ಬೆಳಕು ಹೆಚ್ಚಿಸುವುದು, ಓರೆಯಾದದ್ದನ್ನು ನೇರ ಮಾಡುವುದು, ಹಳೆಯ ಚಿತ್ರದ ಗೀರು ಮುಚ್ಚುವುದು, ಇಷ್ಟು ಮನೆಗೆಲಸಕ್ಕೆ ಉಚಿತವಾದ ಗಿಂಪ್ ಧಾರಾಳವಾಗಿ ಸಾಕು. ಅದಿರುವಾಗ ಕದ್ದ ಪ್ರತಿಯನ್ನು ಹಾಕಿಸಿಕೊಂಡು ಅದನ್ನೇ ಜಾಣತನವೆಂದು ಬೀಗುವುದು ಮಕ್ಕಳೆದುರು ನಮಗೆ ಶೋಭಿಸದು. ಕಲಿಯಲು ಕಷ್ಟವೆನ್ನುವಿರಾ? ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಗುಂಡಿ ಯಾವುದೆಂದು ಅವರು ತೋರಿಸಲಿ. ಚಿತ್ರದಲ್ಲಿರುವ ಸೋದರತ್ತೆ ಯಾರೆಂದು ನೀವು ಹೇಳಿ.

ಒಂದು ಎಚ್ಚರಿಕೆ: ವಾಟ್ಸಾಪಿನಲ್ಲಿ ಮಾಮೂಲಿಯಂತೆ ಕಳಿಸಿದ ಚಿತ್ರ ಕುಗ್ಗುತ್ತದೆ, ಒಳಗೆ ಬರೆದ ವಿವರವೂ ಕಳಚಿಹೋಗುತ್ತದೆ. ಬಂಧುಗಳಿಗೆ ಡಾಕ್ಯುಮೆಂಟ್ ಆಗಿ ಕಳಿಸುವುದೇ ಲೇಸು. ಮೂಲದ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಊರಿನ ಮನೆಯಲ್ಲಿ, ಇರಲಿ.

ಹೆಸರು ಹೇಳಬಲ್ಲ ಹಿರಿಯರು ಇಂದು ನಮ್ಮೊಡನಿದ್ದಾರೆ. ಅವರು ಇಲ್ಲವಾದ ಮೇಲೆ ಜಗತ್ತಿನ ಯಾವ ತಂತ್ರಾಂಶವೂ ಆ ಹೆಸರುಗಳನ್ನು ಹುಡುಕಿಕೊಡಲಾರದು. ಮುಖಕ್ಕೆ ಬಣ್ಣ ಬಳಿಯುವ ಕೆಲಸ ನಿಲ್ಲಲಿ. ಹೆಸರು ಬರೆಯುವ ಕೆಲಸ ಈ ಭಾನುವಾರವೇ ಮೊದಲಾಗಲಿ.