‘ಆರಾಮ ಅದೀನಿ’ ಎನ್ನುವ ಮಗ

ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ‘ಮಗ ಅಮೆರಿಕಾದಾಗ ಅದಾನ’ ಎಂಬ ಒಂದೇ ಮಾತಿಗೆ ಮದುವೆಯ ಮಂಟಪದಲ್ಲಿ ತಂದೆಯ ಕುರ್ಚಿ ಮುಂದಿನ ಸಾಲಿಗೆ ಬರುತ್ತದೆ. ಆ ಮಗನ ಸ್ಥಿತಿ ಬೇರೆ. ಇಲ್ಲಿ ಆತ ಇಂಥ ಮಾಸ್ತರರ ಮಗ, ಇಂಥ ಗೌಡರ ಮೊಮ್ಮಗ. ಅಲ್ಲಿ ಎಚ್-1ಬಿ ವೀಸಾದ ಮೇಲಿರುವ ಒಬ್ಬ ನೌಕರ. ಕೆಲಸ ಹೋದರೆ ಹೊಸ ದಾರಿ ಹುಡುಕಲು ಹೆಚ್ಚೆಂದರೆ 60 ದಿನ. ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶಕ್ಕೆ ಶೇ 7ರ ಮಿತಿ ಇರುವುದರಿಂದ ಭಾರತೀಯರ ಸರದಿ ದಶಕಗಳಷ್ಟು ಉದ್ದವಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾದಾಗ ಆತಂಕ ಇನ್ನಷ್ಟು ಹೆಚ್ಚಿತು.

ತವರಿನ ಹಂಬಲವೆಂದರೆ ಕರದಂಟಿನ ರುಚಿ, ಘಟಪ್ರಭೆಯ ಧುಮ್ಮಿಕ್ಕುವ ಸದ್ದು ಎಂದು ನಾವು ಭಾವಿಸಿದ್ದೇವೆ. ಕರದಂಟು ಕೊರಿಯರ್‌ನಲ್ಲಿಯೂ ಹೋದೀತು. ಹೋಗದಿರುವುದು ಮನೆತನದ ಗುರುತು. 1998ರಲ್ಲಿ ಹುಟ್ಟಿದ ‘ಅಕ್ಕ’ದ ಸಮ್ಮೇಳನಗಳ ಅದ್ದೂರಿಯನ್ನು ಹಂಗಿಸಿದವರಲ್ಲಿ ನಾನೂ ಒಬ್ಬ. ಹೆಸರನ್ನೇ ತಪ್ಪಾಗಿ ಉಚ್ಚರಿಸುವವರ ನಡುವೆ ವರ್ಷಗಟ್ಟಲೆ ಬದುಕಿದವನಿಗೆ ಅಲ್ಲಿ ‘ಯಾವೂರ್ರೀ ನಿಮ್ದು?’ ಎಂದು ಯಾರೋ ಕೇಳುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ.

ಕಷ್ಟ ಹೇಳಿಕೊಂಡರೆ ತಂದೆಯ ಕುರ್ಚಿ ಹಿಂದೆ ಸರಿದೀತೆಂಬ ಅಳುಕು ಆತನಿಗೆ. ಆದ್ದರಿಂದಲೇ ಭಾನುವಾರದ ವಿಡಿಯೊ ಕರೆಯಲ್ಲಿ ‘ಆರಾಮ ಅದೀನಿ’ ಎನ್ನುತ್ತಾನೆ. ‘ಹೊಳ್ಳಿ ಬಂದ್ರೂ ನಡೀತೈತಿ, ತಮ್ಮಾ’ ಎಂದು ಎಷ್ಟು ತಂದೆಯರು ಹೇಳಿದ್ದಾರೆ?