ನಮ್ಮ ಬೀದಿಯ ನೀರು ಎಲ್ಲಿಗೆ ಹೋಗುತ್ತದೆ?

ಮಳೆ ಹಿಡಿಯಿತೆಂದರೆ ಮಕ್ಕಳಿರುವ ಮನೆಗಳಲ್ಲಿ ಒಂದೇ ರಾಗ. "ಹೊರಗೆ ಹೋಗಬೇಡ, ನೆಗಡಿಯಾಗುತ್ತೆ" ಎಂದು ಅಮ್ಮ, "ಒಳಗೆ ಬೇಜಾರು" ಎಂದು ಮಗು. ಕೊನೆಗೆ ಟೀವಿಯೋ ಮೊಬೈಲೋ ಇಬ್ಬರ ನಡುವೆ ರಾಜಿ ಮಾಡಿಸುತ್ತದೆ. ಆದರೆ ನಾವಿರುವ ಬಡಾವಣೆಯನ್ನು ಅರಿಯಲು ಮಳೆಯ ದಿನದಷ್ಟು ಒಳ್ಳೆಯ ದಿನ ಇನ್ನೊಂದಿಲ್ಲ. ಬಿಸಿಲಿನಲ್ಲಿ ಎಲ್ಲ ರಸ್ತೆಗಳೂ ಒಂದೇ ಮಟ್ಟದಲ್ಲಿರುವಂತೆ ಕಾಣುತ್ತವೆ. ಯಾವುದು ಏರು, ಯಾವುದು ತಗ್ಗು ಎಂಬ ಗುಟ್ಟನ್ನು ಬಿಟ್ಟುಕೊಡುವುದು ಹರಿಯುವ ನೀರೇ.

ವಿಲ್ಸನ್ ಗಾರ್ಡನ್ನನ್ನೇ ತೆಗೆದುಕೊಳ್ಳೋಣ. ಮಳೆ ನಿಂತ ಮೇಲೆ ಅಪ್ಪನನ್ನೋ ಅಜ್ಜಿಯನ್ನೋ ಜೊತೆಗೆ ಕರೆದುಕೊಂಡು ಗೇಟಿನ ಬಳಿ ನಿಲ್ಲಿ. ರಸ್ತೆಯ ಅಂಚಿನಲ್ಲಿ ಹರಿಯುವ ನೀರಿಗೆ ಒಂದು ಒಣ ಎಲೆಯನ್ನು ಬಿಡಿ. ಅದು ಯಾವ ಕಡೆ ಹೋಗುತ್ತದೆ, ಯಾವ ತಿರುವಿನಲ್ಲಿ ನಿಲ್ಲುತ್ತದೆ, ಎಲ್ಲಿ ಮೋರಿಗೆ ಇಳಿಯುತ್ತದೆ ಎಂದು ನೋಡಿ. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬೀದಿಯ ನಕ್ಷೆ ಬರೆದು ನೀರಿನ ದಾರಿಗೆ ಬಾಣದ ಗುರುತು ಹಾಕಿ. ನಾಲ್ಕು ಮಳೆಗೆ ನಾಲ್ಕು ಬೀದಿ ನೋಡಿದರೆ ಇಡೀ ಬಡಾವಣೆಯ ಇಳಿಜಾರು ನಿಮ್ಮ ಕೈಗೆ ಸಿಕ್ಕಂತೆ.

ಆ ಎಲೆಯ ಪ್ರಯಾಣ ಮೋರಿಯಲ್ಲಿ ಮುಗಿಯುವುದಿಲ್ಲ. ಈ ಭಾಗದ ನೀರು ಸಿಟಿ ಮಾರ್ಕೆಟ್ ಕಡೆಯಿಂದ ಶಾಂತಿನಗರದ ಮೂಲಕ ಕೋರಮಂಗಲದತ್ತ ಸಾಗುವ ರಾಜಕಾಲುವೆಯ ಕಣಿವೆಗೆ ಸೇರಿದ್ದು. ಅಲ್ಲಿಂದ ಬೆಳ್ಳಂದೂರು ಕೆರೆ, ವರ್ತೂರು ಕೆರೆ, ಬಳಿಕ ದಕ್ಷಿಣ ಪಿನಾಕಿನಿ. ಆ ನದಿ ತಮಿಳುನಾಡನ್ನು ದಾಟಿ ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಕೆಲವೇ ಕಿಲೋಮೀಟರ್ ಪಶ್ಚಿಮಕ್ಕೆ, ಬಸವನಗುಡಿಯ ಕಡೆ ಬಿದ್ದ ಹನಿಯ ದಾರಿಯೇ ಬೇರೆ. ಅದು ವೃಷಭಾವತಿ, ಅರ್ಕಾವತಿಗಳ ಜೊತೆಗೂಡಿ ಕಾವೇರಿಗೆ ಹೋಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತಿರುವ ಊರು ನಮ್ಮದು. ಇಲ್ಲಿನ ನೀರು ಎರಡೂ ಕಡೆ ಇಳಿಯುತ್ತದೆ.

ಇಳಿಯುವ ನೀರನ್ನು ಹಿಡಿದಿಡಲೆಂದೇ ಹಿರಿಯರು ಕೆರೆ ಕಟ್ಟಿದರು. ಶಾಂತಿನಗರದ ಹಾಕಿ ಕ್ರೀಡಾಂಗಣ ಇರುವಲ್ಲಿ ಹಿಂದೆ ಅಕ್ಕಿತಿಮ್ಮನಹಳ್ಳಿ ಕೆರೆಯಿತ್ತು. ಕಂಠೀರವ ಕ್ರೀಡಾಂಗಣದ ಜಾಗದಲ್ಲಿ ಸಂಪಂಗಿ ಕೆರೆ, ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಧರ್ಮಾಂಬುಧಿ ಕೆರೆ. ಕೆರೆ ಹೋದರೂ ನೀರು ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಮುತ್ತ ನೀರು ನುಗ್ಗಿ, ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಮೇಲಿನ ಬೀದಿಯವರು ಮೋರಿಗೆ ಎಸೆದ ಪ್ಲಾಸ್ಟಿಕ್ ಚೀಲವೂ ಕೆಳಗಿನವರ ಮನೆಬಾಗಿಲಿಗೇ ಹೋಗುತ್ತದೆ. ಎಲೆಯ ಹಿಂದೆ ನಡೆದ ಮಗುವಿಗೆ ಇದನ್ನು ಬೇರೆ ಪಾಠವಾಗಿ ಹೇಳಬೇಕಿಲ್ಲ.

ಇನ್ನು ಲಾಲ್‌ಬಾಗ್ ಇಲ್ಲಿಂದ ನಡಿಗೆಯ ದೂರ. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟಕ್ಕೆ ಮಳೆ ಬಿಟ್ಟ ಬೆಳಿಗ್ಗೆ ಹೋಗಿ ಬನ್ನಿ. ಕೆಂಪೇಗೌಡರ ಗೋಪುರವಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದೆ. ನೆನೆದ ಕಲ್ಲಿನಲ್ಲಿ ಕಪ್ಪು ಬಿಳುಪಿನ ಪಟ್ಟೆಗಳು ಚೆನ್ನಾಗಿ ಎದ್ದು ಕಾಣುತ್ತವೆ. ಜಾರುತ್ತದೆ, ಹುಷಾರು! ದಾರಿಯಲ್ಲಿ ಮಳೆಮರ ಕಂಡರೆ ತಲೆ ಎತ್ತಿ ನೋಡಿ. ಮೋಡ ಕವಿದಾಗ ಅದರ ಎಲೆಗಳು ಸಂಜೆಯಾಯಿತೇನೋ ಎಂಬಂತೆ ಮಡಚಿಕೊಳ್ಳುತ್ತವೆ.

ಹೊರಗೆ ಹೋಗಲಾಗದಷ್ಟು ಜಡಿಮಳೆಯೇ? ಹಾಗಾದರೆ ಮಳೆಯನ್ನು ಅಳೆಯಿರಿ. ಚಪ್ಪಟೆ ತಳದ, ನೆಟ್ಟಗಿನ ಡಬ್ಬಿಯೊಂದನ್ನು ಮಳೆಗೆ ಮೊದಲೇ ತಾರಸಿಯ ಬಯಲಲ್ಲಿ ಇಡಿ. ಮಳೆ ನಿಂತ ಮೇಲೆ ಸ್ಕೇಲಿನಿಂದ ಅಳೆದು ತಾರೀಖಿನೊಡನೆ ಬರೆದಿಡಿ. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 1,000 ಚದರಡಿಯ ತಾರಸಿ ಎಂದರೆ ಸುಮಾರು 93 ಚದರ ಮೀಟರ್. 10 ಮಿಲಿಮೀಟರ್ ಮಳೆಗೆ ಅದರ ಮೇಲೆ ಬೀಳುವುದು 930 ಲೀಟರ್, ಅಂದರೆ 15 ಲೀಟರಿನ 62 ಬಿಂದಿಗೆ! ಬೆಂಗಳೂರಿನ ವರ್ಷದ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್. ಉಳಿದ ಲೆಕ್ಕ ನೀವೇ ಮಾಡಿ. ಕಾವೇರಿಯಿಂದ ಸುಮಾರು 100 ಕಿಲೋಮೀಟರ್ ದೂರ ನೀರನ್ನು ಎತ್ತಿ ತರುವ ಊರಿಗೆ ಇದು ಸಣ್ಣ ಲೆಕ್ಕವಲ್ಲ.

ತಂದೆತಾಯಂದಿರಿಗೆ ನಾಲ್ಕು ಮಾತು. ಗುಡುಗು ಸಿಡಿಲಿರುವಾಗ ಯಾರೂ ಹೊರಗೆ ಬೇಡ, ಮರದ ಕೆಳಗಂತೂ ನಿಲ್ಲುವುದೇ ಬೇಡ. ವಿದ್ಯುತ್ ಕಂಬ, ಜೋತುಬಿದ್ದ ತಂತಿಗಳಿಂದ ಮಕ್ಕಳನ್ನು ದೂರವಿಡಿ. ನಿಂತ ನೀರಿನಲ್ಲಿ ಕಾಲಿಡಲು ಬಿಡಬೇಡಿ, ಅಡಿಯಲ್ಲಿ ತೆರೆದ ಗುಂಡಿ ಇರಬಹುದು. ರಾಜಕಾಲುವೆಯ ಅಂಚಿಗೆ ಹೋಗುವುದಂತೂ ಬೇಡವೇ ಬೇಡ. ಮನೆಗೆ ಮರಳಿದ ಮೇಲೆ ಸೋಪು ಹಚ್ಚಿ ಕೈಕಾಲು ತೊಳೆಸಿ. ಹೂಕುಂಡದ ತಟ್ಟೆ, ತೆಂಗಿನ ಚಿಪ್ಪು, ಹಳೆ ಟೈರುಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲುವ ಕೆಲಸವನ್ನು ಮಕ್ಕಳೊಡನೆ ಸೇರಿ ಮಾಡಿ. ಡೆಂಗಿ ಹರಡುವ ಸೊಳ್ಳೆ ಹುಟ್ಟುವುದು ಅಂಥ ಕಡೆಯೇ.

ಮಕ್ಕಳೇ, ಬೆಂಗಳೂರಿನಲ್ಲಿ ಮಳೆ ಜೋರಾಗಿರುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ದಸರಾ ರಜೆಯೂ ಸಾಮಾನ್ಯವಾಗಿ ಆಗಲೇ. ಅಷ್ಟರೊಳಗೆ ಒಂದು ಡಬ್ಬಿ, ಒಂದು ಸ್ಕೇಲು, ಒಂದು ನೋಟ್‌ಬುಕ್ಕು ಹೊಂದಿಸಿಕೊಳ್ಳಿ. ನಿಮ್ಮ ಬೀದಿ ತಗ್ಗೋ ದಿಣ್ಣೆಯೋ ಎಂದು ಯಾರಾದರೂ ಕೇಳಿದರೆ ಉತ್ತರ ನಿಮ್ಮ ಬಳಿ ಸಿದ್ಧವಿರಲಿ.